ನಳಿಗೆಯ ಮೇಲಿನ ಹೆಸರು

ಕಳೆದ ತಿಂಗಳು ನಮ್ಮೂರ ಗ್ರಂಥಾಲಯದ ಮಹಡಿಯಲ್ಲಿ ಮಾಡಿದ ಉಪನ್ಯಾಸವನ್ನು ಗೆಳೆಯರ ಒತ್ತಾಯಕ್ಕೆ ಬರೆದು ಕೊಡುತ್ತಿದ್ದೇನೆ. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಅವುಗಳ ಬದಲಿಗೆ ನಾಲ್ಕು ಮಾತು ಹೆಚ್ಚಾಗಿದೆ.

1971ರ ಅಕ್ಟೋಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ವ್ಯಾಲಿ ಫೋರ್ಜ್ ಎಂಬಲ್ಲಿ, ಪ್ರದರ್ಶನಕ್ಕೆ ಇಟ್ಟಿದ್ದ ಒಂದು ಕೋವಿ ಕಳುವಾಯಿತು. 1775ರಲ್ಲಿ ಮಾಡಿದ್ದು, ಹತ್ತಿರ ಹತ್ತಿರ ಆಳೆತ್ತರದ್ದು. ಅದು ಮತ್ತೆ ಸಿಕ್ಕಿದ್ದು 2018ರಲ್ಲಿ, ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರ ಕೈಯಲ್ಲಿ. ಕೊಂಡಾಗ ಅವರಿಗೂ ಅದು ಈಚೆಗೆ ಯಾರೋ ಮಾಡಿದ ನಕಲು ಎಂದೇ ಅನ್ನಿಸಿತ್ತು. ಆಮೇಲೆ ವಿಚಾರಿಸುತ್ತ ಹೋದಾಗ ಕಳುವಾದ ಅಸಲು ಅದೇ ಎಂದು ತಿಳಿದು ಒಪ್ಪಿಸಿದರು. ಮರುವರ್ಷ ಫಿಲಡೆಲ್ಫಿಯಾದ ಅಮೆರಿಕನ್ ಕ್ರಾಂತಿಯ ವಸ್ತುಸಂಗ್ರಹಾಲಯದಲ್ಲಿ ಜನರು ಅದನ್ನು ನೋಡಿದರು. ನಳಿಗೆಯ ಮೇಲೆ ಮಾಡಿದವನ ಹೆಸರು ಇದೆ: ಕ್ರಿಶ್ಚಿಯನ್ ಎರ್ಟರ್.

ಹಳೆಯ ಸಾಮಾನಿನಲ್ಲಿ ಪಳಗಿದ ಕಣ್ಣಿಗೇ ಅಸಲು ನಕಲಿನಂತೆ ಕಂಡಿತೆಂದರೆ, ಇವತ್ತು ಅಂಥ ನಕಲು ಮಾಡಬಲ್ಲ ಕೈಗಳು ಆ ನಾಡಿನಲ್ಲಿ ಇವೆ ಎಂದಾಯಿತು. ಇಂದಿನ ನನ್ನ ಮಾತು ಆ ಕೈಗಳ ಬಗ್ಗೆ, ಮತ್ತು ನಳಿಗೆಯ ಮೇಲಿನ ಆ ಒಂದು ಹೆಸರಿನ ಬಗ್ಗೆ.

ನಾನು ಬೇಟೆಗಾರನಲ್ಲ. ನನ್ನ ಮನೆಯಲ್ಲಿ ಕೋವಿಯೂ ಇಲ್ಲ. ಐಟಿಐ ಒಂದರಲ್ಲಿ ಮೂವತ್ತು ವರ್ಷ ಫಿಟ್ಟರ್ ವಿಭಾಗದ ಹುಡುಗರಿಗೆ ಅರ ಹಿಡಿಯುವುದನ್ನು ಕಲಿಸಿದವನು. ಮಗಳು ವರ್ಜೀನಿಯಾದಲ್ಲಿದ್ದಾಳೆ. ಅವಳ ಮನೆಗೆ ಹೋದಾಗ ವಿಲಿಯಮ್ಸ್‌ಬರ್ಗ್ ಎಂಬ ಊರಿಗೆ ಕರೆದುಕೊಂಡು ಹೋದಳು. ಹದಿನೆಂಟನೆಯ ಶತಮಾನದ ಪಟ್ಟಣವನ್ನು ಹಾಗೆಯೇ ಉಳಿಸಿ, ಕಟ್ಟಿ, ಆ ಕಾಲದ ಕಸುಬುಗಳನ್ನು ಆ ಕಾಲದ ಹತಾರಗಳಿಂದಲೇ ನಡೆಸುವ ಜಾಗ ಅದು. ಮನೆಯವರೆಲ್ಲ ಗವರ್ನರನ ಅರಮನೆ ನೋಡಲು ಹೋದರು. ನಾನು ಕೋವಿ ಮಾಡುವವರ ಅಂಗಡಿಯ ಬಾಗಿಲಲ್ಲಿ ನಿಂತವನು ಮಧ್ಯಾಹ್ನದ ಊಟಕ್ಕೂ ಕದಲಲಿಲ್ಲ.

ನಮ್ಮಲ್ಲಿ ಕೇಪಿನ ಕೋವಿ, ತೋಟೆ ಕೋವಿ ಎಂಬ ಎರಡು ಮಾತುಗಳಿವೆ. ಮಲೆನಾಡಿನಲ್ಲಿ ಗದ್ದೆ ಕಾಯಲು ಇಟ್ಟುಕೊಳ್ಳುವ, ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ. ನಾನು ಹೇಳುತ್ತಿರುವುದು ಅದಕ್ಕೂ ಒಂದು ತಲೆಮಾರು ಹಿಂದಿನದು. ಇದರ ಕುದುರೆಯ, ಅಂದರೆ ಸುತ್ತಿಗೆಯಂತೆ ಬಡಿಯುವ ಭಾಗದ, ಬಾಯಲ್ಲಿ ತೊಗಲಿನ ಚೂರು ಸುತ್ತಿದ ಚಕಮಕಿ ಕಲ್ಲು ಇರುತ್ತದೆ. ಟ್ರಿಗರ್ ಎಳೆದಾಗ ಕುದುರೆ ಮುಂದಕ್ಕೆ ಬಡಿದು, ಕಲ್ಲು ಉಕ್ಕಿನ ಮುಖವೊಂದನ್ನು ಹೆರೆದುಕೊಂಡು ಇಳಿಯುತ್ತದೆ. ಕಿಡಿ ಬಟ್ಟಲಿನಲ್ಲಿರುವ ರಂಜಕಕ್ಕೆ, ಅಂದರೆ ನುಣ್ಣಗಿನ ಮದ್ದಿಗೆ ಬೀಳುತ್ತದೆ. ರಂಜಕದ ಉರಿ ಪಕ್ಕದ ಸಣ್ಣ ತೂತಿನಿಂದ ನಳಿಗೆಯೊಳಗೆ ಹೊಕ್ಕು ಅಲ್ಲಿನ ಮದ್ದನ್ನು ಹೊತ್ತಿಸುತ್ತದೆ. ಕಿಡಿ ಕಲ್ಲಿನದು ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಕಲ್ಲು ಉಕ್ಕಿನಿಂದ ಕೆತ್ತಿ ತೆಗೆದ ಕಣಗಳು ಗಾಳಿಯಲ್ಲಿ ಉರಿಯುವುದೇ ಕಿಡಿ. ಆದ್ದರಿಂದ ಆ ಉಕ್ಕಿನ ಮುಖದ ಹದ ತಪ್ಪುವಂತಿಲ್ಲ. ಮೆತ್ತಗಾದರೆ ಕಲ್ಲು ಅದನ್ನು ಉತ್ತುಬಿಡುತ್ತದೆ, ಕಿಡಿ ಬರುವುದಿಲ್ಲ. ಅತಿ ಗಡುಸಾದರೆ ಕಲ್ಲು ಜಾರಿಹೋಗುತ್ತದೆ, ಆಗಲೂ ಬರುವುದಿಲ್ಲ.

ಈ ಉದ್ದನೆಯ ಚಕಮಕಿ ಕೋವಿಗೆ ಕೆಂಟಕಿ ರೈಫಲ್ ಎಂಬ ಹೆಸರು ಅಂಟಿಕೊಂಡಿದೆ. ಆದರೆ ಹುಟ್ಟಿ ಬೆಳೆದದ್ದು ಪೆನ್ಸಿಲ್ವೇನಿಯಾದಲ್ಲಿ, ಲ್ಯಾಂಕಾಸ್ಟರ್, ರೆಡಿಂಗ್, ಬೆಥ್ಲೆಹೆಮ್ ಸುತ್ತಿನ ಊರುಗಳಲ್ಲಿ. ಜರ್ಮನ್ ಮಾತನಾಡುವ ಜನ ಹದಿನೆಂಟನೆಯ ಶತಮಾನದ ಆರಂಭದಿಂದ ಅಲ್ಲಿ ನೆಲೆಸುತ್ತ ಬಂದರು. ಲ್ಯಾಂಕಾಸ್ಟರಿನ ಹೆಸರಾಂತ ಕೋವಿಗಾರ ಜೇಕಬ್ ಡಿಕರ್ಟ್ ಹುಟ್ಟಿದ್ದು ಜರ್ಮನಿಯಲ್ಲಿ. ಆ ಜನ ತಮ್ಮ ಜೊತೆ ಯೇಗರ್ ಎಂಬ ಬೇಟೆಯ ಕೋವಿಯ ವಿದ್ಯೆಯನ್ನು ತಂದರು. ಯೇಗರ್ ಗಿಡ್ಡ, ದಪ್ಪ, ದೊಡ್ಡ ಬಾಯಿಯ ಕೋವಿ. ಹೊಸ ನಾಡಿನಲ್ಲಿ ಅದು ಎರಡು ಮೂರು ತಲೆಮಾರುಗಳಲ್ಲಿ ಉದ್ದವಾಯಿತು, ತೆಳುವಾಯಿತು. ಸುಮಾರು 30 ಇಂಚಿದ್ದ ನಳಿಗೆ 42, 44 ಇಂಚಿಗೆ ಬೆಳೆಯಿತು. ಗುಂಡು ಸಣ್ಣದಾಯಿತು.

ಏಕೆ ಎಂಬುದಕ್ಕೆ ಅಲ್ಲಿ ಬಗೆಬಗೆಯ ಉತ್ತರ ಕೊಡುತ್ತಾರೆ. ನನಗೆ ಒಪ್ಪಿಗೆಯಾಗುವುದು ತಕ್ಕಡಿಯ ಉತ್ತರ. 0.62 ಇಂಚಿನ ಗುಂಡು ಎರೆದರೆ ಒಂದು ಪೌಂಡ್ ಸೀಸಕ್ಕೆ ಸುಮಾರು 20 ಗುಂಡು. 0.45 ಇಂಚಿನದಾದರೆ ಐವತ್ತಕ್ಕೂ ಹೆಚ್ಚು. ಅಡ್ಡಳತೆ ಕಾಲುಭಾಗ ಕಡಿಮೆಯಾದರೆ ತೂಕ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಗುಂಡಿಗೆ ತಕ್ಕಂತೆ ಮದ್ದೂ ಕಡಿಮೆ. ತಿಂಗಳುಗಟ್ಟಲೆ ಕಾಡಿನಲ್ಲಿ ಇರಬೇಕಾದವನು, ಸೀಸವನ್ನೂ ಮದ್ದನ್ನೂ ಬೆನ್ನ ಮೇಲೆ ಹೊರುವವನು, ಈ ಲೆಕ್ಕವನ್ನು ಯಾವ ಶಾಲೆಗೂ ಹೋಗದೆ ಮಾಡಿದ್ದಾನೆ. ನಳಿಗೆ ಉದ್ದವಾದರೆ ಗುರಿಕಣ್ಣುಗಳ ನಡುವಿನ ದೂರ ಹೆಚ್ಚುತ್ತದೆ, ಗುರಿ ನಿಖರವಾಗುತ್ತದೆ. ಮದ್ದು ಪೂರ್ತಿ ಉರಿಯಲು ಅಷ್ಟು ಉದ್ದ ಬೇಕು ಎಂಬ ಮಾತನ್ನೂ ಹೇಳುತ್ತಾರೆ. ಅದರಲ್ಲಿ ಹುರುಳು ಕಡಿಮೆ.

ಮದ್ದು ಎಂದೆ. ಪೆಟ್ಲುಪ್ಪು ಮುಕ್ಕಾಲು ಪಾಲು, ಉಳಿದದ್ದು ಇದ್ದಿಲು ಮತ್ತು ಗಂಧಕ. ಆ ಶತಮಾನದಲ್ಲಿ ಬ್ರಿಟನ್ನಿನ ಮದ್ದಿಗೆ ಬೇಕಾದ ಪೆಟ್ಲುಪ್ಪಿನ ದೊಡ್ಡ ಪಾಲು ಬಿಹಾರದ ಪಾಟ್ನಾ ಕಡೆಯಿಂದ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಹೋಗುತ್ತಿತ್ತು. ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಮೊದಲು ಆ ಬ್ರಿಟಿಷ್ ಮದ್ದೇ ಅಮೆರಿಕದ ಅಂಗಡಿಗಳಿಗೂ ಹೋಗುತ್ತಿತ್ತು.

ಇನ್ನು ಕುಲುಮೆಗೆ ಬರೋಣ. ನನ್ನ ಮನಸ್ಸು ಇರುವುದೂ ಅಲ್ಲಿಯೇ.

ನಳಿಗೆ ಎಂದರೆ ದುಂಡನೆಯ ಸಲಾಕೆಗೆ ತೂತು ಕೊರೆದದ್ದು ಎಂದು ಇವತ್ತಿನವರು ತಿಳಿಯುತ್ತಾರೆ. ಅಂದು ಅದು ಉದ್ದನೆಯ ಕಬ್ಬಿಣದ ಪಟ್ಟಿ. ಪಟ್ಟಿಯನ್ನು ಕಾಸಿ, ಕಮ್ಮಾರನ ಅಡಿಗಲ್ಲಿನ ತೋಡಿನಲ್ಲಿಟ್ಟು ಬಡಿದು, ದೋಣಿಯ ಹಾಗೆ ಬಾಗಿಸಿ, ಅಂಚಿಗೆ ಅಂಚು ಕೂಡಿಸಿ ಕೊಳವೆ ಮಾಡಬೇಕು. ಆಮೇಲೆ ಆ ಅಂಚುಗಳನ್ನು ಬೆಸೆಯಬೇಕು. ಒಂದು ಸಲಕ್ಕೆ ಎರಡು ಮೂರು ಇಂಚು ಮಾತ್ರ. ಕಬ್ಬಿಣ ಬೆಸುಗೆಯ ಕಾವಿಗೆ ಬಂದಾಗ ಕೆಂಪಗಿರುವುದಿಲ್ಲ. ಬೆಣ್ಣೆ ಕರಗಿದ ಬಣ್ಣಕ್ಕೆ ತಿರುಗಿ ಮೈಯೆಲ್ಲ ಒದ್ದೆಯಾದ ಹಾಗೆ ಹೊಳೆಯುತ್ತದೆ. ಇನ್ನೊಂದು ಗಳಿಗೆ ತಡೆದರೆ ನಕ್ಷತ್ರಕಡ್ಡಿಯಂತೆ ಕಿಡಿ ಸಿಡಿಯುತ್ತದೆ, ಅಂದರೆ ಕಬ್ಬಿಣ ಸುಟ್ಟುಹೋಗುತ್ತಿದೆ ಎಂದರ್ಥ. ಆ ಎರಡರ ನಡುವೆ ಹೊರತೆಗೆದು, ಒಳಗೆ ಒಂದು ಸಲಾಕೆ ತೂರಿಸಿ, ಬಡಿದು, ಸಲಾಕೆ ಅಂಟಿಕೊಳ್ಳುವ ಮೊದಲೇ ಅದನ್ನು ಎಳೆದುಬಿಡಬೇಕು. ಇದೆಲ್ಲ ಕೆಲವೇ ಸೆಕೆಂಡಿನ ಕೆಲಸ. ಒಂದು ಕಡೆ ಬೆಸುಗೆ ಹುಸಿಯಾದರೂ ಅದು ಹೊರಗೆ ಕಾಣದು. ಮುಂದೊಂದು ದಿನ, ಮದ್ದು ತುಂಬಿ ಕೆನ್ನೆಗೆ ಒತ್ತಿಕೊಂಡವನಿಗೆ ಗೊತ್ತಾಗುತ್ತದೆ. ಅದಕ್ಕೇ ಮುಗಿದ ನಳಿಗೆಗೆ ಮಾಮೂಲಿಗಿಂತ ಹೆಚ್ಚು ಮದ್ದು ಹಾಕಿ, ಕಟ್ಟಿಹಾಕಿ, ದೂರದಿಂದ ದಾರ ಎಳೆದು ಪರೀಕ್ಷೆ ಮಾಡುತ್ತಿದ್ದರು.

ಬೆಸೆದ ಮೇಲೆ ಒಳಗಿನ ತೂತು ಹುಳು ಕೊರೆದ ಹಾಗೆ ಅಂಕುಡೊಂಕಾಗಿರುತ್ತದೆ. ಉದ್ದನೆಯ ಬೈರಿಗೆಗಳನ್ನು ಒಂದಾದ ಮೇಲೊಂದು ಹಾಯಿಸಿ ಅದನ್ನು ನುಣುಪು ಮಾಡಬೇಕು. ನಳಿಗೆ ನೆಟ್ಟಗಿದೆಯೇ ಎಂದು ನೋಡಲು ಒಳಗೆ ಬಿಗಿಯಾಗಿ ಒಂದು ನೂಲು ಹಾಯಿಸಿ ಬೆಳಕಿಗೆ ಹಿಡಿಯುತ್ತಾರೆ. ನೂಲಿಗೂ ಗೋಡೆಗೂ ನಡುವೆ ಬೆಳಕು ಎಲ್ಲಿ ಇಣುಕುತ್ತದೆಯೋ ಅಲ್ಲಿ ಸೊಟ್ಟ. ಮರದ ಕೊರಡಿನ ಮೇಲಿಟ್ಟು ಒಂದೇ ಒಂದು ಪೆಟ್ಟು, ಮತ್ತೆ ನೂಲು, ಮತ್ತೆ ಬೆಳಕು. ಹೊರಮೈಯನ್ನು ಎಂಟು ಪಟ್ಟಿಗೆ ಅರದಿಂದ ತಿದ್ದುವ ಕೆಲಸ ಇದಾದ ಮೇಲೆ. ನನ್ನ ಶಿಷ್ಯರು ಒಂದು ಗೇಣಿನ ಲೋಹವನ್ನು ಚಪ್ಪಟೆಯಾಗಿ ಅರೆಯಲು ವಾರಗಟ್ಟಲೆ ಗೊಣಗುತ್ತಿದ್ದರು. ಇದು ಮೂರೂವರೆ ಅಡಿ ಉದ್ದದ ಎಂಟು ಪಟ್ಟಿ. ಅಷ್ಟೇ ಅಲ್ಲ, ಒಳ್ಳೆಯ ನಳಿಗೆ ಹಿಂದೆ ದಪ್ಪಗಿದ್ದು, ಮುಂದೆ ಮುಂದೆ ಸಣ್ಣಗಾಗುತ್ತ, ಬಾಯಿಯ ಹತ್ತಿರ ಮತ್ತೆ ಒಂದಿಷ್ಟು ಅರಳಿಕೊಳ್ಳುತ್ತದೆ. ದೂರದಿಂದ ಕಣ್ಣಿಗೆ ಅದು ತಿಳಿಯದು. ಎತ್ತಿ ಹಿಡಿದರೆ ಕೈಗೆ ತಿಳಿಯುತ್ತದೆ.

ರೈಫಲ್ ಎಂಬ ಹೆಸರಿಗೆ ಕಾರಣವಾದ ತೋಡುಗಳನ್ನು ಕೊರೆಯುವುದು ಈಗ. ನಳಿಗೆಯ ಒಳಗೋಡೆಯಲ್ಲಿ ಬಳ್ಳಿ ಸುತ್ತಿದಂತೆ ಹೋಗುವ ತೋಡುಗಳು, ಸಾಮಾನ್ಯವಾಗಿ ಏಳು. ನಾಲ್ಕು ಅಡಿಗೆ ಹೆಚ್ಚುಕಡಿಮೆ ಒಂದು ಸುತ್ತು. ಗುಂಡು ಅವುಗಳಿಂದ ತಿರುಗುತ್ತ ಹೊರಬಿದ್ದು ದಾರಿ ಬಿಡದೆ ಹೋಗುತ್ತದೆ. ತೋಡಿಲ್ಲದ ಸೈನ್ಯದ ಮಸ್ಕೆಟ್ ನೂರು ಗಜ ದಾಟಿದರೆ ಒಬ್ಬ ಮನುಷ್ಯನಿಗೆ ಗುರಿ ಇಡಲಾರದು. ಇದು ಇನ್ನೂರು ಗಜಕ್ಕೆ ಗುರಿ ಇಡಬಲ್ಲದು.

ಕೊರೆಯುವ ಯಂತ್ರವನ್ನು ಕಂಡಾಗ ನನಗೆ ನಗು ಬಂತು, ಸಂತೋಷದ ನಗು. ಒಂದು ಮರದ ಬೆಂಚು. ಅದರ ಮೇಲೆ ಮೈಗೆ ತಿರುಚು ತೋಡು ಕೊರೆದ ಮರದ ದಿಂಡು. ದಿಂಡಿನ ತುದಿಗೆ ಉದ್ದನೆಯ ಕೋಲು. ಕೋಲಿನ ಕೊನೆಯಲ್ಲಿ ಉಗುರಿನಷ್ಟು ಉಕ್ಕಿನ ಹಲ್ಲು. ದಿಂಡನ್ನು ತಳ್ಳಿದರೆ, ಎಳೆದರೆ, ಅದು ತಾನೇ ತಿರುಗುತ್ತ ಹೋಗಿ ಹಲ್ಲನ್ನೂ ತಿರುಗಿಸುತ್ತದೆ. ಒಂದು ಸಲ ಎಳೆದರೆ ಕೂದಲೆಳೆಗಿಂತ ತೆಳ್ಳಗಿನ ಕಬ್ಬಿಣ ಬರುತ್ತದೆ. ಏಳೂ ತೋಡುಗಳಲ್ಲಿ ಎಳೆದಾದ ಮೇಲೆ ಹಲ್ಲು ಒಂದಿಷ್ಟು ಮೇಲೇಳಬೇಕಲ್ಲ? ಹಲ್ಲಿನ ಕೆಳಗೆ ಒಂದು ಚೂರು ಕಾಗದ ಇಡುತ್ತಾರೆ. ಮತ್ತೆ ಏಳು ಸಲ. ಮತ್ತೊಂದು ಕಾಗದ. ಮೈಕ್ರೊಮೀಟರ್ ಇಲ್ಲದೆ ಇಂಚಿನ ಸಾವಿರದ ಒಂದು ಭಾಗವನ್ನು ಕಾಗದದ ಚೂರಿನಿಂದ ಅಳೆದ ಈ ಉಪಾಯವನ್ನು ಪಾಠ ಹೇಳುವ ದಿನಗಳಲ್ಲಿ ನಾನು ಅರಿತಿದ್ದರೆ, ನನ್ನ ಹುಡುಗರಿಗೆ ಮೊದಲ ದಿನವೇ ಹೇಳುತ್ತಿದ್ದೆ. ಹೊಸ ದಿಂಡು ಬೇಕಾದಾಗ ಹಳೆಯ ನಳಿಗೆಯೊಂದಕ್ಕೆ ಸೀಸ ಎರೆದು ಅದರ ತಿರುವನ್ನು ಹೊಸ ದಿಂಡಿಗೆ ಇಳಿಸುತ್ತಿದ್ದದ್ದೂ ಉಂಟು. ಅಜ್ಜನ ಮೂಗು ಮೊಮ್ಮಗನಿಗೆ ಬಂದಂತೆ, ಒಂದು ಕೋವಿಯ ತಿರುವು ಇನ್ನೊಂದಕ್ಕೆ.

ಗುಂಡು ನಳಿಗೆಗಿಂತ ಒಂದಿಷ್ಟು ಸಣ್ಣದು. ಜಿಡ್ಡು ಹಚ್ಚಿದ ಬಟ್ಟೆಯ ತುಂಡಿನಲ್ಲಿ ಅದನ್ನು ಸುತ್ತಿ ಗಜದಿಂದ, ಅಂದರೆ ಮದ್ದು ಗುಂಡು ಇಡಿಯುವ ಉದ್ದನೆಯ ಕೋಲಿನಿಂದ, ಒಳಗೆ ಒತ್ತುತ್ತಾರೆ. ಬಟ್ಟೆ ತೋಡುಗಳನ್ನು ಹಿಡಿಯುತ್ತದೆ, ಗುಂಡು ಬಟ್ಟೆಯೊಡನೆ ತಿರುಗುತ್ತದೆ. ಆ ಬಟ್ಟೆ ತುಂಡುಗಳನ್ನು ಇಡಲು ಕೋವಿಯ ಹಿಂಭಾಗದ ಮರದಲ್ಲಿ ಒಂದು ಗೂಡು, ಅದಕ್ಕೆ ಹಿತ್ತಾಳೆಯ ಮುಚ್ಚಳ. ಲ್ಯಾಂಕಾಸ್ಟರಿನವರು ಮುಚ್ಚಳದ ತಲೆಗೆ ಡೇಸಿ ಹೂವಿನ ಆಕಾರ ಕೊಡುತ್ತಿದ್ದರು. ಬಲ್ಲವರು ಅದನ್ನು ನೋಡಿಯೇ ಊರು ಹೇಳುತ್ತಾರೆ. ಹಿತ್ತಾಳೆ, ಬೆಳ್ಳಿ, ಕೆತ್ತನೆಯ ಬಗ್ಗೆ ಪುಸ್ತಕಗಳಲ್ಲಿ ಪುಟಗಟ್ಟಲೆ ಇದೆ, ಚಿತ್ರಗಳೂ ಚೆನ್ನಾಗಿವೆ. ನನಗೆ ಅವುಗಳಿಗಿಂತ ಸಂದುಗಳ ಮೇಲೆ ಕಣ್ಣು.

ಮರ ಮೇಪಲ್ಲಿನದು, ಅದರಲ್ಲೂ ಹುಲಿಪಟ್ಟೆಯಂಥ ಅಲೆಗಳಿರುವುದು. ಪಿಟೀಲಿನ ಬೆನ್ನಿಗೆ ಬಳಸುವುದೂ ಇದೇ ಜಾತಿಯ ಮರ. ಹಲಗೆಯನ್ನು ವರ್ಷಗಟ್ಟಲೆ ಒಣಗಿಸಿ, ಎಂಟು ಪಟ್ಟಿಯ ಆ ನಳಿಗೆ ಕೂರುವ ತೊಟ್ಟಿಲನ್ನು ಉಳಿಯಿಂದ ತೋಡಬೇಕು. ನಳಿಗೆಗೆ ದೀಪದ ಕಾಡಿಗೆ ಬಳಿದು ಮರದಲ್ಲಿ ಕೂರಿಸಿ ಎತ್ತುತ್ತಾರೆ. ಮರಕ್ಕೆ ಎಲ್ಲಿ ಕಪ್ಪು ಹತ್ತಿದೆಯೋ ಅಲ್ಲಿ ಒಂದು ಸಿಪ್ಪೆ ತೆಗೆಯಬೇಕು. ಮತ್ತೆ ಕಾಡಿಗೆ, ಮತ್ತೆ ಉಳಿ. ಕೊನೆಗೆ ತೊಟ್ಟಿಲ ತುಂಬ ಒಂದೇ ಸಮನೆ ಕಪ್ಪು ಮೂಡಿದಾಗ ಕೆಲಸ ಮುಗಿಯಿತು. ನಮ್ಮ ಫಿಟ್ಟರ್ ವಿಭಾಗದಲ್ಲಿ ನೀಲಿ ಬಳಿದು ಮಾಡುವುದೂ ಇದನ್ನೇ.

ಇದಾದ ಮೇಲೆ ಗಜ ಕೂರಲು ನಳಿಗೆಯ ಕೆಳಗೆ ಮರದೊಳಗೆ ಒಂದು ಉದ್ದ ತೂತು. ಬೈರಿಗೆ ಒಳಗೆ ಎತ್ತ ಹೋಗುತ್ತಿದೆ ಎಂದು ಕಾಣುವುದಿಲ್ಲ. ತೂತಿಗೂ ನಳಿಗೆಗೂ ನಡುವೆ ಉಳಿಯಬೇಕಾದ ಮರ ಸರಿಸುಮಾರು ಮೂರು ಮಿಲಿಮೀಟರ್. ಬೈರಿಗೆ ಒಂದಿಷ್ಟು ವಾಲಿದರೆ ಅಷ್ಟು ದಿನದ ಕೆಲಸ ಒಲೆಗೆ. ಮರ ಮಳೆಗೆ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಕಬ್ಬಿಣ ಹಾಗಲ್ಲ. ಆದ್ದರಿಂದ ನಳಿಗೆಯನ್ನು ಮರಕ್ಕೆ ಹಿಡಿದಿಡುವ ಮೊಳೆಗಳ ಕಿಂಡಿಗಳನ್ನು ದುಂಡಗೆ ಮಾಡದೆ ಉದ್ದುದ್ದಕ್ಕೆ ಮಾಡುತ್ತಾರೆ, ಮರ ಸರಿದಾಡಲಿ ಎಂದು. ಎರಡು ಜಾತಿಯ ಸಾಮಾನನ್ನು ಒಂದೆಡೆ ಕೂರಿಸಿ ಎರಡಕ್ಕೂ ಉಸಿರಾಡಲು ಜಾಗ ಬಿಟ್ಟವನನ್ನು ನಾನು ಕಸುಬುದಾರ ಎನ್ನುತ್ತೇನೆ.

ಮರಕ್ಕೆ ಬಣ್ಣ ಬರಿಸುವುದು ಕಬ್ಬಿಣದ ಪುಡಿ ಕರಗಿಸಿದ ನೈಟ್ರಿಕ್ ಆಮ್ಲದಿಂದ. ಬಳಿದಾಗ ಕೊಳಕು ಹಸಿರು. ಕಾದ ಕಬ್ಬಿಣವನ್ನು ಹತ್ತಿರ ಹಿಡಿಯುತ್ತ ಹೋದಂತೆ ಅದೇ ಹಸಿರು ಕೆಂಚಾಗಿ, ಪಟ್ಟೆಗಳು ಒಂದೊಂದಾಗಿ ಎದ್ದು ಬರುತ್ತವೆ. ಅಂದು ನನ್ನ ಪಕ್ಕದಲ್ಲಿ ನಿಂತಿದ್ದ ಶಾಲೆಯ ಮಗುವೊಂದು ಚಪ್ಪಾಳೆ ತಟ್ಟಿತು.

ಕಮ್ಮಾರಿಕೆ, ಬಡಗಿ ಕೆಲಸ, ಹಿತ್ತಾಳೆ ಎರೆಯುವ ಕಂಚುಗಾರಿಕೆ, ಬೆಳ್ಳಿ ಕೆತ್ತುವ ಅಕ್ಕಸಾಲಿತನ: ನಮ್ಮ ಪಾಂಚಾಳರ ಐದು ಕಸುಬುಗಳಲ್ಲಿ ನಾಲ್ಕು ಇಲ್ಲಿವೆ. ಐದನೆಯದಾದ ಕಲ್ಲುಕೆಲಸವೂ ಇದೆ, ಆದರೆ ಚಕಮಕಿ ಕಲ್ಲು ಕಡಲಾಚೆಯಿಂದ ಬರುತ್ತಿತ್ತು. ಇಷ್ಟನ್ನೂ ಒಬ್ಬನೇ ಮನುಷ್ಯ, ಕಾಡಂಚಿನ ಗುಡಿಸಲಿನಲ್ಲಿ, ಒಂಟಿಯಾಗಿ ಮಾಡಿದ ಎಂಬ ಕತೆ ಅಮೆರಿಕದವರಿಗೆ ಬಹಳ ಇಷ್ಟ. ನನಗೆ ಇದರ ಬಗ್ಗೆ ತಕರಾರಿದೆ.

ಕೋವಿಯ ಲಾಕನ್ನು, ಅಂದರೆ ಕುದುರೆ, ಬಟ್ಟಲು ಸೇರಿದ ಕಿಡಿ ಹೊತ್ತಿಸುವ ಭಾಗವನ್ನು, ಬಹುಪಾಲು ಕಸುಬುದಾರರು ತಾವೇ ಮಾಡುತ್ತಿರಲಿಲ್ಲ. ಇಂಗ್ಲೆಂಡಿನಿಂದ, ಜರ್ಮನಿಯಿಂದ ಸಿದ್ಧವಾಗಿ ಬರುತ್ತಿದ್ದವು, ಅಂಗಡಿಯಲ್ಲಿ ಕೊಳ್ಳುತ್ತಿದ್ದರು. ಹೊಳೆಯ ನೀರಿನಿಂದ ತಿರುಗುವ ನಳಿಗೆ ಗಿರಣಿಗಳು ಪೆನ್ಸಿಲ್ವೇನಿಯಾದಲ್ಲಿದ್ದವು, ನಳಿಗೆಯನ್ನೂ ಅಲ್ಲಿಂದ ತರಬಹುದಿತ್ತು. ಅಂಗಡಿಯಲ್ಲಿ ಇಪ್ಪತ್ತೊಂದು ತುಂಬುವವರೆಗೆ ಕರಾರಿಗೆ ಕಟ್ಟುಬಿದ್ದ ಹುಡುಗರಿದ್ದರು. ವಿಲಿಯಮ್ಸ್‌ಬರ್ಗಿನಲ್ಲಿ ಯುದ್ಧಕಾಲದ ಜೇಮ್ಸ್ ಆಂಡರ್ಸನ್ನನ ಆಯುಧಶಾಲೆಯಲ್ಲಿ ಗುಲಾಮರಾಗಿದ್ದ ಕಪ್ಪು ಜನ ಕುಲುಮೆಯ ಕೆಲಸ ಮಾಡಿದ್ದಾರೆ. ನಾನು ಆರಂಭದಲ್ಲಿ ಹೇಳಿದ ಎರ್ಟರನೂ ಒಂಟಿಯಲ್ಲ. ಅವನು ಮೊರೇವಿಯನ್ ಎಂಬ ಕ್ರೈಸ್ತ ಪಂಥದವನು, ಕ್ರಿಶ್ಚಿಯನ್ಸ್ ಸ್ಪ್ರಿಂಗ್ ಎಂಬಲ್ಲಿ ಮದುವೆಯಾಗದ ಗಂಡಸರು ಒಟ್ಟಾಗಿ ಬಾಳುತ್ತಿದ್ದ ವಸತಿಯಲ್ಲಿ ಆಂಡ್ರಿಯಾಸ್ ಆಲ್ಬ್ರೆಕ್ಟ್ ಎಂಬ ಗುರುವಿನಿಂದ ವಿದ್ಯೆ ಕಲಿತವನು. ಆಯುಧ ಹಿಡಿಯಲು ಒಪ್ಪದ ಪಂಥ ಅದು. ಅಲ್ಲಿಯೇ ಕುಳಿತು ಆ ಕಾಲದ ಅತಿ ಚೆಲುವಾದ ಕೋವಿಗಳನ್ನು ಮಾಡಿದ. 1777ರಲ್ಲಿ ತೀರಿಕೊಂಡಾಗ ಅವನಿಗೆ ಮೂವತ್ತರ ಆಸುಪಾಸು.

ಯುದ್ಧದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 1775ರ ಜೂನ್ 14ರಂದು ಅಮೆರಿಕದ ಕಾಂಗ್ರೆಸ್ ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್, ವರ್ಜೀನಿಯಾಗಳಿಂದ ಹತ್ತು ತುಕಡಿ ರೈಫಲಿನವರನ್ನು ಕರೆಯಿತು. ಅವರ ಗುರಿಗೆ ಹೆಸರು ಬಂತು. ಆದರೆ ಮಸ್ಕೆಟ್ಟಿನವನು ನಿಮಿಷಕ್ಕೆ ಮೂರು ಸಲ ಹೊಡೆಯುವಾಗ ಇವನಿಗೆ ಒಂದು ಸಲ ತುಂಬುವುದೇ ಕಷ್ಟ, ಮೇಲಾಗಿ ತುದಿಗೆ ಬಯೊನೆಟ್ ಇಲ್ಲ. ಯುದ್ಧ ಗೆದ್ದದ್ದು ಈ ಕೋವಿಯೇ ಎಂಬುದು ಆಮೇಲೆ ಕಟ್ಟಿದ ಹಾಡು.

ಇಲ್ಲೊಂದು ಅಡ್ಡಮಾತು, ನಮ್ಮವರಿಗೆ ಸೇರಿದ್ದು. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದ ಹಡಗೊಂದು ತನಗಿಂತ ಬಲವಾದ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ನಾಯಕ ಜೋಶುವಾ ಬಾರ್ನಿ. ಅದರಲ್ಲಿ ಬಕ್ಸ್ ಜಿಲ್ಲೆಯ ಹಳ್ಳಿಗಾಡಿನ ರೈಫಲ್ ಗುರಿಕಾರರಿದ್ದರು. ಹಡಗಿನ ಹೆಸರು ‘ಹೈದರ್ ಅಲಿ’. ಹೌದು, ನಮ್ಮ ಹೈದರಾಲಿಯೇ. ಬ್ರಿಟಿಷರಿಗೆ ನಿದ್ದೆಗೆಡಿಸಿದವನ ಹೆಸರು ಅಲ್ಲಿಯವರೆಗೆ ಹೋಗಿತ್ತು. ಅವನ ಮಗನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲೂ ಚಕಮಕಿ ಬಂದೂಕುಗಳು ತಯಾರಾಗುತ್ತಿದ್ದವು, ಹುಲಿಪಟ್ಟೆಯ ಅಲಂಕಾರದೊಡನೆ. ಅವುಗಳಲ್ಲಿ ಚೆಂದದ ಕೆಲವು ಈಗ ಇಂಗ್ಲೆಂಡಿನಲ್ಲಿವೆ. ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವುದನ್ನು ಕಂಡವರಿಗೆ, ಆಯುಧವೊಂದನ್ನು ಇಷ್ಟು ಚೆಲುವಾಗಿ ಏಕೆ ಮಾಡಬೇಕು ಎಂಬ ಪ್ರಶ್ನೆ ಬಹುಶಃ ಏಳುವುದಿಲ್ಲ.

ಕೇಪು ಬಂದ ಮೇಲೆ, ಕಾರ್ಖಾನೆಗಳು ಬೆಳೆದ ಮೇಲೆ, ಹತ್ತೊಂಬತ್ತನೆಯ ಶತಮಾನದ ನಡುವೆ ಈ ಕಸುಬು ಬಹುಮಟ್ಟಿಗೆ ಅಳಿಯಿತು. ಅಪಲೇಶಿಯನ್ ಬೆಟ್ಟಗಳ ಒಳನಾಡಿನಲ್ಲಿ ಕೆಲವು ಮನೆಗಳಲ್ಲಿ ಮಾತ್ರ ಉಳಿಯಿತು. 1933ರಲ್ಲಿ ಬಾಯಿಯಿಂದ ಮದ್ದು ತುಂಬುವ ಕೋವಿಗಳ ಆಸಕ್ತರು ಒಂದು ರಾಷ್ಟ್ರೀಯ ಸಂಘ ಕಟ್ಟಿದರು. 1960ರ ದಶಕದಲ್ಲಿ ವಿಲಿಯಮ್ಸ್‌ಬರ್ಗಿನ ವ್ಯಾಲೇಸ್ ಗಸ್ಲರ್ ಎಂಬವರು ನಳಿಗೆ, ಲಾಕು, ತಿರುಪು, ಹಿತ್ತಾಳೆ ಎಲ್ಲವನ್ನೂ ಹಳೆಯ ಹತಾರಗಳಿಂದಲೇ ಮಾಡಿ ತೋರಿಸಿದರು. ಕೇಳಲು ಪುರಾತನ ಗುರು ಯಾರೂ ಇರಲಿಲ್ಲ. ಹಳೆಯ ಕೋವಿಗಳನ್ನು ಬಿಚ್ಚಿ, ಅರದ ಗೀರು, ಸುತ್ತಿಗೆಯ ಗುರುತುಗಳನ್ನು ಓದಿ ಕಲಿಯಬೇಕಾಯಿತು. ನಾನು ಕಂಡ ಅಂಗಡಿ ಆ ಪರಂಪರೆಯದು. ಇವತ್ತು ಅಮೆರಿಕದಲ್ಲಿ ಇಂಥ ಕೋವಿ ಮಾಡುವವರು ಬಹಳ ಜನ ಇದ್ದಾರೆ, ಹೆಚ್ಚಿನವರು ನಳಿಗೆ ಮತ್ತು ಲಾಕನ್ನು ಕೊಂಡು ತಂದು ಮರ, ಹಿತ್ತಾಳೆ, ಕೆತ್ತನೆಯ ಕೆಲಸ ತಾವು ಮಾಡುತ್ತಾರೆ. ಇದು ಕೈಕೆಲಸವೇ ಎಂದು ಅಲ್ಲಿ ಜಗಳ ನಡೆಯುತ್ತದೆ. ಎರಡೂವರೆ ಶತಮಾನದ ಹಿಂದೆಯೂ ಹಾಗೆಯೇ ಮಾಡುತ್ತಿದ್ದರು ಎಂದು ಒಬ್ಬನಾದರೂ ಎದ್ದು ಹೇಳಬಾರದೇ ಎಂದು ನನಗೆ ಅನ್ನಿಸುತ್ತದೆ.

ಉಪನ್ಯಾಸ ಮುಗಿದು ಪ್ರಶ್ನೆಗಳಿಗೆ ಕರೆದಾಗ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ಕುಲುಮೆ ನಡೆಸಿದವರು, ಈಗ ನಿಲ್ಲಿಸಿದ್ದಾರೆ.

“ಮೇಷ್ಟ್ರೇ, ಬೆಸುಗೆ ಕಾವು ಕಾಯುವಾಗ ಯಜಮಾನನ ಎರಡು ಕೈಯೂ ಕೆಲಸದಲ್ಲಿ ಇರುತ್ತವೆ. ತಿದಿ ಯಾರು ಒತ್ತುತ್ತಿದ್ದರು?”

“ಕಲಿಯುವ ಹುಡುಗರು ಇರುತ್ತಿದ್ದರಲ್ಲ, ಅವರು” ಎಂದೆ. “ಅವರ ಹೆಸರು ಕೋವಿಯ ಮೇಲೆ ಇರುವುದಿಲ್ಲ.”

“ಉರಿ ಹೆಚ್ಚಾದರೂ ಕಬ್ಬಿಣ ಹೋಯಿತು, ಕಡಿಮೆಯಾದರೂ ಹೋಯಿತು. ತಿದಿಯವರಿಗೆ ಬೆಂಕಿಯ ಬಣ್ಣ ಗೊತ್ತಿರಬೇಕು” ಎಂದರು ಅವರು. “ನಮ್ಮ ಮನೆಯಲ್ಲಿ ನಲವತ್ತು ವರ್ಷ ಅವ್ವ ಒತ್ತಿದಳು.”